ಅರ್ಧ ಮೈದಾನ ಖಾಲಿ ಬಿಟ್ಟರೂ ಬಗ್ಗದ ಬ್ಯಾಟರ್

ಒಬ್ಬ ಆಟಗಾರನ ಅಭ್ಯಾಸ ಎದುರಾಳಿಗೆ ಪೂರ್ತಿ ಗೊತ್ತಾಗಿಬಿಟ್ಟರೆ ಅವನು ಏನು ಮಾಡಬೇಕು? ಅಭ್ಯಾಸ ಬದಲಿಸಬೇಕೇ, ಇಲ್ಲ ಅದನ್ನೇ ಇನ್ನಷ್ಟು ಹರಿತಗೊಳಿಸಬೇಕೇ? ಅಮೆರಿಕದ ಬೇಸ್‌ಬಾಲ್ ದಿಗ್ಗಜ ಟೆಡ್ ವಿಲಿಯಮ್ಸ್ ಅವರನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ ಇದು. ಇಂದು ಕಂಪ್ಯೂಟರಿನಲ್ಲಿ ಬೇಸ್‌ಬಾಲ್ ಸಿಮ್ಯುಲೇಷನ್ ಆಟ ರೂಪಿಸುವವರಿಗೂ ಅದೇ ಪ್ರಶ್ನೆ ಎದುರಾಗುತ್ತದೆ.

ವಿಲಿಯಮ್ಸ್ ಹುಟ್ಟಿದ್ದು 1918ರ ಆಗಸ್ಟ್ 30ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ. ಮೆಕ್ಸಿಕನ್ ಮೂಲದ ತಾಯಿ ಸಾಲ್ವೇಷನ್ ಆರ್ಮಿಯ ಸೇವೆಯಲ್ಲಿ ಮುಳುಗಿದ್ದರು, ತಂದೆ ಫೋಟೊಗ್ರಾಫರ್. ಮನೆಯಲ್ಲಿ ಹೆಚ್ಚು ಹೊತ್ತು ಯಾರೂ ಇರುತ್ತಿರಲಿಲ್ಲ. ಹುಡುಗನಿಗೆ ಹತ್ತಿರದ ಆಟದ ಮೈದಾನವೇ ಮನೆಯಾಯಿತು. ಚೆಂಡು ಎಸೆಯುವುದು ಬಲಗೈಯಲ್ಲಿ, ಬ್ಯಾಟ್ ಬೀಸುವುದು ಎಡಗೈ ಆಟಗಾರನಂತೆ. ಇಪ್ಪತ್ತನೇ ವಯಸ್ಸಿಗೇ, ಅಂದರೆ 1939ರಲ್ಲಿ, ಬಾಸ್ಟನ್ ರೆಡ್ ಸಾಕ್ಸ್ ತಂಡ ಸೇರಿದ ಅವರು ಮೊದಲ ವರ್ಷವೇ 31 ಹೋಮ್ ರನ್ ಹೊಡೆದರು.

ಬೇಸ್‌ಬಾಲ್‌ನ ಸರಾಸರಿ ಕ್ರಿಕೆಟ್‌ನಂತಲ್ಲ. ಹತ್ತು ಯತ್ನಗಳಲ್ಲಿ ಮೂರು ಸಲ ಹಿಟ್ ಗಳಿಸಿದರೆ .300. ಅಂಥವನು ಒಳ್ಳೆಯ ಬ್ಯಾಟರ್. 1941ರ ಋತುವಿನ ಕೊನೆಯ ದಿನ ವಿಲಿಯಮ್ಸ್ ಸರಾಸರಿ .39955 ಇತ್ತು. ಮೈದಾನಕ್ಕೆ ಇಳಿಯದೆ ಕುಳಿತಿದ್ದರೆ ದಾಖಲೆಯಲ್ಲಿ .400 ಎಂದೇ ಬರೆಯಲಾಗುತ್ತಿತ್ತು. ಅವರು ಕೂರಲಿಲ್ಲ. ಫಿಲಡೆಲ್ಫಿಯಾದಲ್ಲಿ ಅಂದು ನಡೆದ ಎರಡೂ ಪಂದ್ಯ ಆಡಿ, ಎಂಟು ಯತ್ನಗಳಲ್ಲಿ ಆರು ಹಿಟ್ ಗಳಿಸಿ .406ಕ್ಕೆ ಮುಟ್ಟಿಸಿದರು. ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಆಮೇಲೆ ಯಾರೂ ಪೂರ್ಣ ಋತುವಿನಲ್ಲಿ .400 ದಾಟಿಲ್ಲ.

ಆದರೆ ಅವರಿಗೊಂದು ಒಲವಿತ್ತು. ಬಹುಪಾಲು ಹೊಡೆತಗಳು ಮೈದಾನದ ಬಲಭಾಗಕ್ಕೇ ಹೋಗುತ್ತಿದ್ದವು. ಇಂಥವರನ್ನು ಪುಲ್ ಹಿಟರ್ ಎನ್ನುತ್ತಾರೆ. ಎಲ್ಲವನ್ನೂ ಲೆಗ್ ಸೈಡಿಗೇ ಎಳೆಯುವ ಕ್ರಿಕೆಟ್ ಬ್ಯಾಟರ್‌ನನ್ನು ನೆನಪಿಸಿಕೊಳ್ಳಿ. 1946ರ ಜುಲೈ 14ರಂದು ಮೊದಲ ಪಂದ್ಯದಲ್ಲಿ ವಿಲಿಯಮ್ಸ್ ಮೂರು ಹೋಮ್ ರನ್ ಸಿಡಿಸಿದರು. ಅಂದೇ ನಡೆದ ಎರಡನೇ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಆಟಗಾರ-ವ್ಯವಸ್ಥಾಪಕ ಲೂ ಬೌಡ್ರೊ ಹೊಸ ಪಟ್ಟು ಹಾಕಿದರು. ಲೆಫ್ಟ್ ಫೀಲ್ಡರ್ ಒಬ್ಬನನ್ನು ಬಿಟ್ಟು ಉಳಿದ ಫೀಲ್ಡರ್‌ಗಳನ್ನೆಲ್ಲ ಬಲಕ್ಕೆ ಸರಿಸಿದರು. ಎಡಭಾಗ ಹೆಚ್ಚುಕಡಿಮೆ ಖಾಲಿ. ಬೌಡ್ರೊ ಶಿಫ್ಟ್ ಎಂದೇ ಅದು ಹೆಸರಾಯಿತು.

ಖಾಲಿ ಜಾಗಕ್ಕೆ ಮೆಲ್ಲಗೆ ತಳ್ಳಿದರೆ ಆಯಿತಲ್ಲ ಎಂದು ನಮಗೆ ಅನ್ನಿಸುತ್ತದೆ. ಇಲ್ಲೇ ಸಿಮ್ಯುಲೇಷನ್ ಸಹಾಯಕ್ಕೆ ಬರುತ್ತದೆ. 1941ರಲ್ಲಿ ಬಂದ ಆಲ್-ಸ್ಟಾರ್ ಬೇಸ್‌ಬಾಲ್ ಎಂಬ ಆಟದಲ್ಲಿ ಪ್ರತಿ ಆಟಗಾರನಿಗೂ ಒಂದು ದುಂಡು ಬಿಲ್ಲೆ. ಅವನ ನಿಜವಾದ ಅಂಕಿಅಂಶಕ್ಕೆ ತಕ್ಕಂತೆ ಅದರಲ್ಲಿ ಹೋಮ್ ರನ್, ಸಿಂಗಲ್, ಔಟ್‌ಗಳ ಪಾಲು. ಮುಳ್ಳು ತಿರುಗಿಸಿದರೆ ಫಲಿತಾಂಶ. 1961ರ ಸ್ಟ್ರಾಟ್-ಒ-ಮ್ಯಾಟಿಕ್‌ನಲ್ಲಿ ಮೂರು ದಾಳ. ಒಂದು ದಾಳ ಬ್ಯಾಟರ್‌ನ ಕಾರ್ಡ್ ನೋಡಬೇಕೋ ಪಿಚರ್‌ನದೋ ಎಂದು ಹೇಳಿದರೆ, ಉಳಿದೆರಡರ ಮೊತ್ತ ಫಲಿತಾಂಶ ಹೇಳುತ್ತದೆ.

ಇಂಥ ಮಾದರಿಗೆ ನಾವು ಹೊಡೆತದ ದಿಕ್ಕನ್ನೂ ಸೇರಿಸಿದೆವು ಎನ್ನೋಣ. ಬಲ, ನಡು, ಎಡ ಎಂದು ಮೂರು ಸಂಭಾವ್ಯತೆ ಕೊಟ್ಟೆವು. ಆಗ ಒಂದು ಸಂಗತಿ ಎದ್ದು ಕಾಣುತ್ತದೆ. ಶಿಫ್ಟ್ ಹಿಡಿದು ನಿಲ್ಲಿಸುವುದು ನೆಲ ತಾಗಿ ಹೋಗುವ ಮತ್ತು ತಗ್ಗಿನಲ್ಲಿ ಹಾರುವ ಚೆಂಡುಗಳನ್ನು ಮಾತ್ರ. ಬೇಲಿ ದಾಟುವ ಚೆಂಡಿಗೆ ಫೀಲ್ಡರ್ ಎಲ್ಲಿ ನಿಂತರೇನು? ಎಡಕ್ಕೆ ತಳ್ಳಲು ಹೊರಟ ಬಲಶಾಲಿ ಬ್ಯಾಟರ್ ಒಂದಷ್ಟು ಸಿಂಗಲ್ ಗಳಿಸುತ್ತಾನೆ, ಬದಲಿಗೆ ಹೋಮ್ ರನ್ ಕಳೆದುಕೊಳ್ಳುತ್ತಾನೆ. ಎದುರಾಳಿಗೆ ಬೇಕಾದದ್ದೂ ಅದೇ. ಹಾಗಾಗಿ ವಿಲಿಯಮ್ಸ್ ಹಟದಲ್ಲಿ ಲೆಕ್ಕವೂ ಇತ್ತು. ಹಾಗೆಂದು ಎಡಕ್ಕೆ ಎಂದೂ ಹೊಡೆಯದಿದ್ದರೆ ಶಿಫ್ಟ್ ಎಂದೂ ಸಡಿಲವಾಗದು. ಆಗಾಗ ಹೊಡೆಯುವ ಬೆದರಿಕೆಯಾದರೂ ಇರಬೇಕು.

ಅದೇ ಸೆಪ್ಟೆಂಬರ್ 13ರಂದು ಕ್ಲೀವ್‌ಲ್ಯಾಂಡಿನಲ್ಲಿ ಅವರು ಆ ಬೆದರಿಕೆಯನ್ನು ನಿಜ ಮಾಡಿದರು. ಚೆಂಡನ್ನು ಖಾಲಿ ಎಡಭಾಗಕ್ಕೆ ಹೊಡೆದು, ಎಲ್ಲ ಬೇಸ್‌ಗಳನ್ನೂ ಓಡಿ ಸುತ್ತಿದರು. ಅವರ ವೃತ್ತಿಬದುಕಿನಲ್ಲಿ ಬೇಲಿ ದಾಟದೆ ಬಂದ ಹೋಮ್ ರನ್ ಅದೊಂದೇ. ಪಂದ್ಯ 1-0 ಗೆದ್ದು ತಂಡ ಲೀಗ್ ಪ್ರಶಸ್ತಿ ಖಚಿತಪಡಿಸಿಕೊಂಡಿತು. ಆದರೆ ನಂತರದ ವರ್ಲ್ಡ್ ಸೀರೀಸ್‌ನಲ್ಲಿ ಮೊಣಕೈ ನೋವು, ಜತೆಗೆ ಸೇಂಟ್ ಲೂಯಿಸ್ ತಂಡದ ಶಿಫ್ಟ್. 25 ಯತ್ನಗಳಲ್ಲಿ ಐದೇ ಹಿಟ್, ಐದೂ ಸಿಂಗಲ್. ತಂಡ ಸೋತಿತು. ಮತ್ತೆಂದೂ ಅವರಿಗೆ ವರ್ಲ್ಡ್ ಸೀರೀಸ್ ಆಡುವ ಅವಕಾಶ ಸಿಗಲಿಲ್ಲ.

ಯುದ್ಧಗಳೂ ಅವರ ವರ್ಷಗಳನ್ನು ನುಂಗಿದವು. 1943ರಿಂದ 1945ರವರೆಗೆ ವಿಮಾನ ಚಾಲನೆಯ ತರಬೇತಿ. 1952-53ರಲ್ಲಿ ಕೊರಿಯಾದಲ್ಲಿ 39 ಯುದ್ಧ ಹಾರಾಟ. ಒಮ್ಮೆ ಹೊತ್ತಿ ಉರಿಯುತ್ತಿದ್ದ ಜೆಟ್ ವಿಮಾನವನ್ನು ಹೊಟ್ಟೆಯ ಮೇಲೇ ನೆಲಕ್ಕಿಳಿಸಿ ಜೀವ ಉಳಿಸಿಕೊಂಡರು. ಆ ವರ್ಷಗಳಲ್ಲೂ ಆಡಿದ್ದರೆ 521ಕ್ಕೆ ನಿಂತ ಅವರ ಹೋಮ್ ರನ್ ಸಂಖ್ಯೆ ಎಲ್ಲಿಗೆ ಮುಟ್ಟುತ್ತಿತ್ತು? ಸಿಮ್ಯುಲೇಷನ್ ಪ್ರಿಯರು ಇಂದಿಗೂ ಈ ಲೆಕ್ಕ ಹಾಕುತ್ತಾರೆ. ಆದರೆ ಯಂತ್ರ ಕೊಡುವ ಉತ್ತರ ಊಹೆ ಮಾತ್ರ. ಕಳೆದ ವರ್ಷಗಳನ್ನು ಅದು ಮರಳಿಸದು.

1957ರಲ್ಲಿ ಅವರಿಗೆ 39 ತುಂಬಿತು. ತುಸು ಭಾರದ ಬ್ಯಾಟ್ ಹಿಡಿದು ಎಡಕ್ಕೂ ಹೊಡೆಯತೊಡಗಿದಾಗ ಶಿಫ್ಟ್ ಸಡಿಲವಾಯಿತು. ಸರಾಸರಿ .388ಕ್ಕೆ ಏರಿತು. 1960ರಲ್ಲಿ ತಮ್ಮ ಕೊನೆಯ ಯತ್ನದಲ್ಲೂ ಹೋಮ್ ರನ್ ಹೊಡೆದೇ ನಿವೃತ್ತರಾದರು. ಹತ್ತು ವರ್ಷದ ನಂತರ ಬಂದ ಅವರ ಪುಸ್ತಕದಲ್ಲಿ ಸ್ಟ್ರೈಕ್ ವಲಯವನ್ನು 77 ಚೆಂಡುಗಳಾಗಿ ವಿಂಗಡಿಸಿ, ಯಾವ ಜಾಗದ ಚೆಂಡಿಗೆ ತಮ್ಮ ಸರಾಸರಿ ಎಷ್ಟಿರಬಹುದೆಂದು ಬಣ್ಣಗಳಲ್ಲಿ ತೋರಿಸಿದ ಚಿತ್ರವಿದೆ. ನಡುವಿನ ಚೆಂಡಿಗೆ .400, ಹೊರಗಿನ ತಗ್ಗಿನ ಮೂಲೆಗೆ .230. ಇಂದು ಸಾಫ್ಟ್‌ವೇರ್ ಬಿಡಿಸುವ ಹೀಟ್ ಮ್ಯಾಪ್ ಅದೇ ತಾನೆ?

1966ರಲ್ಲಿ ಹಾಲ್ ಆಫ್ ಫೇಮ್ ಗೌರವ ಸ್ವೀಕರಿಸಿದಾಗ, ಬಣ್ಣದ ಕಾರಣಕ್ಕೆ ಹೊರಗುಳಿದಿದ್ದ ನೀಗ್ರೊ ಲೀಗ್‌ಗಳ ಸ್ಯಾಚೆಲ್ ಪೇಜ್, ಜಾಷ್ ಗಿಬ್ಸನ್ ಅಂಥವರಿಗೂ ಅಲ್ಲಿ ಜಾಗ ಸಿಗಬೇಕೆಂದು ಅವರು ಕೇಳಿಕೊಂಡರು. ಮುಂದಿನ ದಶಕದಲ್ಲಿ ಅದು ಈಡೇರಿತು.

2002ರ ಜುಲೈ 5ರಂದು ವಿಲಿಯಮ್ಸ್ ತೀರಿಕೊಂಡರು. 2023ರಿಂದ ಅಮೆರಿಕದ ಮೇಜರ್ ಲೀಗ್ ಶಿಫ್ಟ್‌ಗೆ ಕಡಿವಾಣ ಹಾಕಿದೆ. ಈಗ ಎರಡನೇ ಬೇಸ್‌ನ ಎರಡೂ ಬದಿಗೆ ಇಬ್ಬಿಬ್ಬರು ಇನ್‌ಫೀಲ್ಡರ್‌ಗಳು ನಿಲ್ಲಲೇಬೇಕು. ವಿಲಿಯಮ್ಸ್‌ಗೆ ಇಂಥ ನಿಯಮದ ನೆರವು ಇರಲಿಲ್ಲ. ತಮ್ಮ ಬಲ ಯಾವುದೆಂದು ಅವರು ಅಳೆದು ನೋಡಿಕೊಂಡಿದ್ದರು. ಅದನ್ನು ಬಿಡದೆಯೇ ಕಾಲ ಬಂದಾಗ ಇನ್ನೊಂದು ದಿಕ್ಕನ್ನೂ ಕಲಿತರು.