ಭಿನ್ನರಾಶಿಗೆ ಸಿಗದ ಸಂಖ್ಯೆ: ರಾಷ್ಟ್ರಕೂಟರ ಕಾಲದ ಗಣಿತಜ್ಞ ಮಹಾವೀರಾಚಾರ್ಯರ ಕಥೆ

ಘಾಟ್ಕೋಪರ್ (ಮುಂಬೈ): ಘಾಟ್ಕೋಪರ್‌ನ ಕನ್ನಡಿಗರ ಮನೆಯ ಮಗುವಾಗಲಿ, ಕಲಬುರಗಿ ಜಿಲ್ಲೆಯ ಮಳಖೇಡದ ಮಗುವಾಗಲಿ, ಹೈಸ್ಕೂಲಿಗೆ ಬಂದಾಗ ಒಂದು ಪ್ರಶ್ನೆಗೆ ಎಡವುತ್ತದೆ. ಸಂಖ್ಯಾರೇಖೆಯ ಮೇಲಿರುವ ಎಲ್ಲ ಬಿಂದುಗಳನ್ನೂ ಭಿನ್ನರಾಶಿಯಲ್ಲಿ ಬರೆಯಬಹುದೇ?

ಉತ್ತರ, ಇಲ್ಲ. ಈ ಪ್ರಶ್ನೆಯ ಅಂಚಿನಲ್ಲೇ 9ನೇ ಶತಮಾನದಲ್ಲಿ ಕೆಲಸ ಮಾಡಿದವರು ಮಹಾವೀರಾಚಾರ್ಯರು.

ಅಮೋಘವರ್ಷನ ಕಾಲದ ಜೈನ ವಿದ್ವಾಂಸ

ಮಹಾವೀರಾಚಾರ್ಯರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ. 'ಕವಿರಾಜಮಾರ್ಗ' ಹುಟ್ಟಿದ್ದೂ ಇದೇ ದೊರೆಯ ಆಸ್ಥಾನದಲ್ಲಿ. ಇಂದಿನ ಮುಂಬೈ ಭಾಗವನ್ನು ಆಳುತ್ತಿದ್ದ ಉತ್ತರ ಕೊಂಕಣದ ಶಿಲಾಹಾರರು ಅವನ ಸಾಮಂತರಾಗಿದ್ದರು. ಬೊರಿವಲಿಯ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಅಮೋಘವರ್ಷನ ಹೆಸರು ಇಂದಿಗೂ ಇದೆ.

ಸುಮಾರು 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಆರ್ಯಭಟ, ಬ್ರಹ್ಮಗುಪ್ತರ ಕೃತಿಗಳಲ್ಲಿ ಗಣಿತವು ಖಗೋಳಶಾಸ್ತ್ರದ ಒಂದು ಭಾಗವಾಗಿತ್ತು. ಇವರ 9 ಅಧ್ಯಾಯಗಳ ಕೃತಿ ಗಣಿತಕ್ಕೇ ಮೀಸಲು. ಅಡುಗೆ, ಸಂಗೀತ, ವೈದ್ಯ, ವಾಸ್ತು, ವ್ಯಾಪಾರ ಯಾವುದಕ್ಕೂ ಲೆಕ್ಕ ಬೇಕು ಎಂಬುದು ಅವರ ನಿಲುವು.

ಭಿನ್ನರಾಶಿಯ ನಿಪುಣ

ಎರಡು ಪೂರ್ಣಾಂಕಗಳ ಭಾಗಾಕಾರವಾಗಿ ಬರೆಯಬಹುದಾದ ಸಂಖ್ಯೆ ಭಾಗಲಬ್ಧ ಸಂಖ್ಯೆ. ಇದರಲ್ಲಿ ಮಹಾವೀರಾಚಾರ್ಯರು ನಿಸ್ಸೀಮರು. ಒಂದನ್ನು ಹಲವು ಏಕಾಂಶ ಭಿನ್ನರಾಶಿಗಳಾಗಿ ಒಡೆಯುವ ಸೂತ್ರವನ್ನೇ ಕೊಟ್ಟರು. ಉದಾಹರಣೆಗೆ, 1/2, 1/3, 1/9 ಮತ್ತು 1/18 ಕೂಡಿದರೆ ಸರಿಯಾಗಿ 1.

ಆದರೆ ವೃತ್ತದ ಲೆಕ್ಕಕ್ಕೆ ಬಂದಾಗ ಅವರು ಎರಡು ಉತ್ತರ ಕೊಟ್ಟರು. ಸ್ಥೂಲವಾಗಿ, ಪರಿಧಿ ವ್ಯಾಸದ 3 ಪಟ್ಟು. ಸೂಕ್ಷ್ಮವಾಗಿ, 10ರ ವರ್ಗಮೂಲದಷ್ಟು ಪಟ್ಟು, ಅಂದರೆ ಸುಮಾರು 3.162.

ಈ 10ರ ವರ್ಗಮೂಲ ಯಾವ ಭಿನ್ನರಾಶಿಗೂ ಸಿಗದು. ಅದು a/b ಎಂದಿಟ್ಟುಕೊಳ್ಳಿ. ಆಗ a ವರ್ಗವು b ವರ್ಗದ 10 ಪಟ್ಟು ಆಗಬೇಕು. ಯಾವುದೇ ವರ್ಗಸಂಖ್ಯೆಯನ್ನು ಬಿಡಿಸಿದರೂ ಅದರಲ್ಲಿ 2 ಎಂಬ ಅಪವರ್ತನ ಸಮಸಂಖ್ಯೆಯ ಸಲ ಬರುತ್ತದೆ. 10ರಿಂದ ಗುಣಿಸಿದ ಕಡೆ ಮಾತ್ರ ಅದು ಬೆಸಸಂಖ್ಯೆಯ ಸಲ ಬರುತ್ತದೆ. ಎರಡೂ ಬದಿ ಸಮವಾಗಲು ಸಾಧ್ಯವೇ ಇಲ್ಲ. ಇಂಥವು ಅಭಾಗಲಬ್ಧ ಸಂಖ್ಯೆಗಳು. ಭಾಗಲಬ್ಧ, ಅಭಾಗಲಬ್ಧ ಎರಡೂ ಸೇರಿದರೆ ವಾಸ್ತವ ಸಂಖ್ಯೆಗಳು.

ಸರಿ ಮತ್ತು ತಪ್ಪು

ಇನ್ನೊಂದು ಗಡಿಯನ್ನೂ ಅವರು ಗುರುತಿಸಿದ್ದರು. ಋಣ ಸಂಖ್ಯೆ ಸ್ವಭಾವತಃ ವರ್ಗವಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದರು. ವಾಸ್ತವ ಸಂಖ್ಯೆಗಳ ಮಟ್ಟಿಗೆ ಈ ಮಾತು ಇಂದಿಗೂ ನಿಜ.

ಎಲ್ಲವೂ ಸರಿಯಾಗಿರಲಿಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಬರೆದರು. ಅದು ತಪ್ಪು. ಅವರ 'ಸೂಕ್ಷ್ಮ' ಬೆಲೆಗಿಂತ ಶಾಲೆಯ 22/7 ಪೈಗೆ ಹೆಚ್ಚು ಹತ್ತಿರ. ಆದರೆ 22/7 ಕೂಡ ಪೈ ಅಲ್ಲ. ಪೈ ಅಭಾಗಲಬ್ಧ ಎಂದು ಲ್ಯಾಂಬರ್ಟ್ ಸಾಧಿಸಿದ್ದು 18ನೇ ಶತಮಾನದಲ್ಲಿ. ಭಾಗಲಬ್ಧ ಸಂಖ್ಯೆಗಳ ನಡುವಿನ ಬಿರುಕುಗಳನ್ನು ತುಂಬಿ ವಾಸ್ತವ ಸಂಖ್ಯೆಗಳಿಗೆ ಜರ್ಮನಿಯ ಡೆಡೆಕಿಂಡ್ ಖಚಿತ ವ್ಯಾಖ್ಯೆ ಪ್ರಕಟಿಸಿದ್ದು 1872ರಲ್ಲಿ.

ಮಹಾವೀರಾಚಾರ್ಯರ ಹುಟ್ಟು, ಸಾವಿನ ದಾಖಲೆ ಉಳಿದಿಲ್ಲ. ಕೃತಿ ಉಳಿಯಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದರು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಪ್ರಕಟಿಸಿದರು.

ಮುಂದಿನ ಸಲ ಮಗು 22/7 ಬಳಸಿ ವೃತ್ತದ ಲೆಕ್ಕ ಮಾಡಿದಾಗ, ಅದು ಸ್ಥೂಲ ಉತ್ತರ ಎಂದು ಒಂದು ಮಾತು ಹೇಳಿಬಿಡಿ.