ಗದುಗಿನ ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ಜೂನ್ ತಿಂಗಳು 11ನೆಯ ತಾರೀಖು ಶ್ರೀ ಪಂಚಾಕ್ಷರ ಗವಾಯಿಗಳವರು ದೇಹವಿಟ್ಟ ದಿನ. ಗದುಗಿನ ಕಡೆಯ ಜನರಿಗೆ ಇದನ್ನು ನೆನಪಿಸಬೇಕಾದ ಅವಶ್ಯಕತೆಯಿಲ್ಲ. ಕೆಂಗೇರಿ, ರಾಜಾಜಿನಗರಗಳ ನಮ್ಮ ವಾಚಕ ಮಹಾಶಯರಲ್ಲಿ ಅನೇಕರಿಗಾದರೋ ಅವರ ಹೆಸರು 1995ರ ಚಲನಚಿತ್ರವೊಂದರ ಮೂಲಕವೇ ಪರಿಚಿತವಾದುದು. ಆ ಚಿತ್ರದ ಹಾಡುಗಳಿಗೆ ರಾಷ್ಟ್ರಪ್ರಶಸ್ತಿ ಸಂದುದೂ ಉಂಟು, ಸಂತೋಷವೇ. ಆದರೆ ಆ ಮಹನೀಯರು ನಾಡಿಗೆ ಮಾಡಿಕೊಟ್ಟ ಉಪಕಾರವು ಹಾಡಿನಲ್ಲಿ ಮುಗಿಯತಕ್ಕದ್ದಲ್ಲವಾದುದರಿಂದ, ಅವರ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ಬರೆಯಲು ಉದ್ಯುಕ್ತರಾಗಿದ್ದೇವೆ.

ಅಂದಿನ ಧಾರವಾಡ ಜಿಲ್ಲೆಯ, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ನೆಯ ಇಸವಿ ಫೆಬ್ರವರಿ 2ರಂದು ಅವರ ಜನನವಾಯಿತು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟುಗುರುಡು; ಸಹೋದರನಾದ ಗುರುಬಸಯ್ಯನಿಗೂ ಅದೇ ಗತಿ. ಒಂದೇ ಮನೆಯಲ್ಲಿ ಎರಡು ಕುರುಡು ಮಕ್ಕಳಿರುವ ಬಡ ತಾಯಿತಂದೆಗಳ ಸ್ಥಿತಿಯನ್ನು ನಾವು ವರ್ಣಿಸಬೇಕಾಗಿಲ್ಲ. ಆ ಕಾಲದಲ್ಲಿ ಅಂಥ ಮಕ್ಕಳಿಗೆ ಮನೆಯ ಮೂಲೆಯೋ, ಜಾತ್ರೆಯ ಬೀದಿಯೋ ಗತಿಯಾಗಿತ್ತು. ಹುಡುಗರಿಗೆ ಕಂಠವೊಂದು ಒಳ್ಳೆಯದಿದ್ದಿತು.

ಈ ಕಂಠವನ್ನು ಗುರುತಿಸಿದವರು ಹಾನಗಲ್ಲಿನ ಶ್ರೀ ಕುಮಾರಸ್ವಾಮಿಗಳವರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಈ ಸ್ವಾಮಿಗಳು ಜನರ ಯೋಗ್ಯತೆಯನ್ನು ಬಹು ಬೇಗ ಅಳೆಯುತ್ತಿದ್ದರೆಂದು ಪ್ರತೀತಿ. ಕುರುಡು ಹುಡುಗನಿಗೆ ಒಂದು ತುತ್ತು ಅನ್ನ ಹಾಕಿಸಿ ಪುಣ್ಯ ಕಟ್ಟಿಕೊಳ್ಳುವುದು ಅವರಿಗೂ ಸುಲಭವಾಗಿಯೇ ಇದ್ದಿತು. ಅವರು ಹಾಗೆ ಮಾಡದೆ ಅವನಿಗೆ ವಿದ್ಯೆ ಹೇಳಿಸಿದರು. ಅದೂ ಶಾಸ್ತ್ರೋಕ್ತವಾದ, ಪೂರ್ಣವಾದ ವಿದ್ಯೆ. ಗದಿಗೆಯ್ಯನು ಪಂಚಾಕ್ಷರಿಯಾದುದು ಈ ಗುರುವಿನ ಆಶ್ರಯದಲ್ಲಿ.

ಮೊದಲು ಕರ್ನಾಟಕ ಸಂಗೀತದ ಅಭ್ಯಾಸವಾಯಿತು. ಅನಂತರ ಹಿಂದೂಸ್ತಾನಿ ಪದ್ಧತಿ. ಇದಕ್ಕೆ ಗುರುಗಳಾಗಿ ದೊರೆತವರು ಮಿರಜಿನ ನೀಲಕಂಠಬುವಾ ಅವರು, ಗ್ವಾಲಿಯರ್ ಪರಂಪರೆಯವರು, ಮುಂದೆ ಮಲ್ಲಿಕಾರ್ಜುನ ಮನಸೂರರಿಗೂ ಪಾಠ ಹೇಳಿದವರು. ಕಿರಾನಾ ಮನೆತನದ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದಲೂ ಗವಾಯಿಗಳವರು ವಿದ್ಯೆಯನ್ನು ಪಡೆದರು. ಎರಡು ಪದ್ಧತಿಗಳಲ್ಲಿಯೂ ಸಮಾನ ಪ್ರಭುತ್ವವಿದ್ದುದರಿಂದ ಅವರಿಗೆ ಉಭಯಗಾಯನ ವಿಶಾರದರೆಂಬ ಖ್ಯಾತಿ ಬಂದಿತು. ವೀರಶೈವ ಮಠದ ಅನ್ನವುಂಡ ಶಿಷ್ಯನೊಬ್ಬನು ಮುಸಲ್ಮಾನ ಉಸ್ತಾದರ ಮುಂದೆ ಕುಳಿತು ಕಲಿತನೆಂಬುದು ಆಗಿನ ಉತ್ತರ ಕರ್ನಾಟಕದಲ್ಲಿ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಈಗ ಆಶ್ಚರ್ಯವೆನಿಸಿದರೆ ಅದು ನಮ್ಮ ಕಾಲದ ದೋಷ.

ಇಷ್ಟು ವಿದ್ಯೆಯುಳ್ಳವರು ಸಂಸ್ಥಾನಗಳನ್ನೋ ದೊಡ್ಡ ಪಟ್ಟಣಗಳನ್ನೋ ಆಶ್ರಯಿಸಿ ಸುಖವಾಗಿರಬಹುದಾಗಿತ್ತು. ಮುಂಬಯಿ, ಪುಣೆಗಳು ಹಾಡುವವರಿಗೆ ಹಣ ಕೊಡುತ್ತಿದ್ದ ಕಾಲವದು. ಗವಾಯಿಗಳವರು ಹಿಡಿದುದು ಬೇರೆಯ ದಾರಿ. ತಮ್ಮಂತೆ ಕಣ್ಣಿಲ್ಲದವರನ್ನೂ ಅನಾಥರನ್ನೂ ಬಡವರನ್ನೂ ಕೂಡಿಸಿಕೊಂಡು, ಅವರಿಗೆ ಅನ್ನ, ಬಟ್ಟೆ, ವಿದ್ಯೆಗಳನ್ನು ಉಚಿತವಾಗಿ ಕೊಡುವುದೇ ಗುರುಗಳಿಗೆ ತಾವು ಸಲ್ಲಿಸತಕ್ಕ ಸೇವೆಯೆಂದು ನಿಶ್ಚಯಿಸಿದರು. ಕಟ್ಟಡವಿಲ್ಲ, ಇಡಗಂಟಿಲ್ಲ, ಸರ್ಕಾರದ ಗ್ರಾಂಟಿಲ್ಲ. ಆದುದರಿಂದ ಅವರ ಪಾಠಶಾಲೆಯು ಸಂಚಾರಿಯಾಯಿತು. ಗುರುಶಿಷ್ಯರು ಊರಿಂದೂರಿಗೆ ಹೋಗುವರು, ಜೋಳಿಗೆ ಹಿಡಿಯುವರು, ಭಕ್ತರು ಕೊಟ್ಟ ಜೋಳ, ಬೇಳೆಗಳಿಂದ ಅಡಿಗೆಯಾಗುವುದು, ಪಾಠ ನಡೆಯುವುದು, ಮತ್ತೆ ಮುಂದಿನ ಊರು. ಹೀಗೆ ಅನೇಕ ವರ್ಷ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಭಿಕ್ಷೆಯೆಂಬುದು ಕುರುಡನ ಹಣೆಯಲ್ಲಿ ಬರೆದದ್ದೆಂದೇ ಲೋಕವು ತಿಳಿದಿದ್ದಿತು. ಗವಾಯಿಗಳವರೂ ಭಿಕ್ಷೆ ಬೇಡಿದರು. ಆದರೆ ಅದು ಶಾಲೆಯ ಪರವಾಗಿ ಗುರುವು ಬೇಡಿದ ಭಿಕ್ಷೆ. ಅದನ್ನು ಉಂಡ ಹುಡುಗನು ಹತ್ತಾರು ವರ್ಷಗಳಲ್ಲಿ ಹಾಡುಗಾರನಾಗಿ, ತಬಲಾ ವಾದಕನಾಗಿ, ಕೀರ್ತನಕಾರನಾಗಿ, ಸಂಗೀತದ ಮೇಷ್ಟರಾಗಿ ಹೊರಬಿದ್ದು ತನ್ನ ಸಂಸಾರವನ್ನು ತಾನೇ ಸಾಕುವನು. ಸಂಗೀತವನ್ನೇ ಏತಕ್ಕೆ ಆರಿಸಿದರೆಂದರೆ, ಪುಸ್ತಕವಿಲ್ಲದೆ ಗುರುಮುಖದಿಂದ ಕಿವಿಗೆ, ಕಿವಿಯಿಂದ ಕಂಠಕ್ಕೆ ಹೋಗುವ ವಿದ್ಯೆ ಅದೊಂದೇ. ಅದರಲ್ಲಿ ಕಣ್ಣುಳ್ಳವನೂ ಇಲ್ಲದವನೂ ಒಂದೇ ಚಾಪೆಯ ಮೇಲೆ ಸರಿಸಮನಾಗಿ ಕೂಡಬಹುದು. ಆಶ್ರಮದಲ್ಲಿ ಕಣ್ಣುಳ್ಳ ಶಿಷ್ಯರೂ ಇದ್ದರು. ಅದು ಕುರುಡರಿಗೆಂದೇ ಬೇರ್ಪಡಿಸಿದ ಮನೆಯಾಗಲಿಲ್ಲವೆಂಬುದು ನಮಗೆ ಬಹು ಮುಖ್ಯವಾಗಿ ತೋರುತ್ತದೆ. ಜಾತಿಮತಗಳನ್ನು ಕೇಳಿ ಒಳಗೆ ಬಿಡುವ ಪದ್ಧತಿಯೂ ಇರಲಿಲ್ಲ.

ಶಿಷ್ಯರಲ್ಲಿ ಯಲಿವಾಳದ ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು, ಅರ್ಜುನಸಾ ನಾಕೋಡರು ಪ್ರಸಿದ್ಧರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದಾಗ, ಇನ್ನೂ ಇಪ್ಪತ್ತು ತುಂಬದ ರಾಜಗುರುಗಳು ಮೊಟ್ಟಮೊದಲ ಸಲ ಮಹಾಸಭೆಯ ಮುಂದೆ ಹಾಡಿದರು. ಆಗ ಪಕ್ಕದಲ್ಲಿ ಕುಳಿತು ತಬಲಾ ನುಡಿಸಿದವರು ಸ್ವತಃ ಗವಾಯಿಗಳವರು. ಗುರುವಾದವನು ತಾನು ಹಾಡಿ ಶಿಷ್ಯನಿಂದ ಶ್ರುತಿ ಹಿಡಿಸುವುದು ರೂಢಿ. ಅಷ್ಟು ದೊಡ್ಡ ಉತ್ಸವದಲ್ಲಿ ತಾನು ಹಿಂದೆ ಸರಿದು ಹುಡುಗನಿಗೆ ಠೇಕಾ ಹಿಡಿದ ಆ ಮನಸ್ಸಿನ ದೊಡ್ಡತನವನ್ನು ಇಂದಿನ ವಿದ್ವಾಂಸರು ಸ್ವಲ್ಪ ಮನನ ಮಾಡಲಿ.

ಆಶ್ರಮದ ಖರ್ಚಿಗಾಗಿ ಶ್ರೀ ಕುಮಾರೇಶ್ವರರ ಹೆಸರಿನಲ್ಲಿ ಒಂದು ನಾಟಕ ಸಂಘವನ್ನೂ ಅವರು ಕಟ್ಟಿದರು. ಸಾಧುವಿಗೆ ನಾಟಕವೇಕೆಂದು ಹುಬ್ಬು ಗಂಟಿಕ್ಕುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಉಣ್ಣುವ ಬಾಯಿಗಳು ಹೆಚ್ಚುತ್ತಿದ್ದಾಗ ಜೋಳಿಗೆಯೊಂದರಿಂದಲೇ ಪಾಠಶಾಲೆ ನಡೆಯುವುದೆಂತು? ಹುಡುಗರ ವಿದ್ಯೆಗೆ ಅಲ್ಲಿ ಕೆಲಸವೂ ದೊರೆಯಿತು. ಕನ್ನಡ ರಂಗಭೂಮಿಗೂ ಲಾಭವಾಯಿತು.

1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾದರು. ಗವಾಯಿಗಳವರು ಗುರುಗಳಿಗೆ ಕೊಟ್ಟ ಮಾತನ್ನು ಬಿಡಲಿಲ್ಲ. ಬಹುಕಾಲ ಅಲೆದ ಪಾಠಶಾಲೆಯು ಕೊನೆಗೆ ಗದುಗಿನಲ್ಲಿ, ಆ ಊರಿನ ಉದಾರಿಗಳ ನೆರವಿನಿಂದ, ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ನೆಲೆ ದೊರೆತ ಸುಖವನ್ನು ಅವರು ಬಹಳ ಕಾಲ ಅನುಭವಿಸಲಿಲ್ಲ. 1944ರಲ್ಲಿ, 52ನೆಯ ವಯಸ್ಸಿನಲ್ಲಿ, ಅಲ್ಲಿಯೇ ದೇಹವಿಟ್ಟರು.

ಅಧಿಕಾರಿ ವರ್ಗದ ನಮ್ಮ ವಾಚಕರಿಗೆ ಇಲ್ಲಿ ಒಂದು ಮಾತು. 2016ರ ಕಾನೂನಿನ ಪ್ರಕಾರ ಸರ್ಕಾರದ ಹುದ್ದೆಗಳಲ್ಲಿ ಕನಿಷ್ಠ ಶೇಕಡ 4 ಭಾಗವನ್ನು ಅಂಗವಿಕಲರಿಗೆ ಮೀಸಲಿಡತಕ್ಕದ್ದು. ಅದರಲ್ಲಿ ಶೇಕಡ 1 ಭಾಗ ದೃಷ್ಟಿಹೀನರಿಗೂ ಮಂದದೃಷ್ಟಿಯವರಿಗೂ ಸೇರಿದ್ದು. ಕಾನೂನು ಸರಿಯಾದದ್ದೇ. ಆದರೂ ನಮ್ಮ ಪಟ್ಟಣದ ಬಸ್ ನಿಲ್ದಾಣಗಳ ಮುಂದೆ, ಮೈಕಿನ ಪೆಟ್ಟಿಗೆಯನ್ನು ಕೊರಳಿಗೆ ಕಟ್ಟಿಕೊಂಡು ಹಾಡುವ ಅಂಧರ ಗುಂಪುಗಳನ್ನು ನಾವು ಈಗಲೂ ಕಾಣುತ್ತೇವೆ. ಒಳ್ಳೆಯ ಕಂಠಗಳೇ. ಹೋಗುವವರು ಹತ್ತು ರೂಪಾಯಿ ಹಾಕಿ ಹೋಗುತ್ತಾರೆ. ಕೆಂಗೇರಿಯವರೆಗೆ 2021ರಲ್ಲಿ ಮೆಟ್ರೋ ರೈಲು ಬಂದಿತು. ಹೊಸ ಬಡಾವಣೆಗಳೂ ಸಮುದಾಯ ಭವನಗಳೂ ಏಳುತ್ತಲೇ ಇವೆ. ಇವುಗಳಲ್ಲಿ ಒಂದು ಭವನದ ಒಂದು ಕೊಠಡಿಯನ್ನು ಇಂಥವರ ಸಂಗೀತ ಪಾಠಕ್ಕೂ ವಾಸಕ್ಕೂ ಬಿಟ್ಟುಕೊಡಲು ನಗರಾಡಳಿತದ ಅಧಿಕಾರಿಗಳಿಗೆ ಏನು ಅಡ್ಡಿ? ಜೋಳಿಗೆಯಿಂದ ಸಾಧ್ಯವಾದದ್ದು ಖಜಾನೆಯಿಂದ ಅಸಾಧ್ಯವೇ?

ಗವಾಯಿಗಳವರ ತರುವಾಯ ಆಶ್ರಮದ ಭಾರವನ್ನು ಹೊತ್ತವರು ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಇವರೂ ಹಾನಗಲ್ಲ ತಾಲ್ಲೂಕಿನವರೇ. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. 30ನೆಯ ವಯಸ್ಸಿನಲ್ಲಿ ಆ ಪೀಠದಲ್ಲಿ ಕುಳಿತವರು 2010ರ ಸೆಪ್ಟೆಂಬರ್ 17ರಂದು ಶಿವೈಕ್ಯರಾಗುವವರೆಗೆ 66 ವರ್ಷ ಅದನ್ನು ನಡೆಸಿದರು. ಅನೇಕ ವಾದ್ಯಗಳನ್ನು ನುಡಿಸುತ್ತಿದ್ದರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿದರು. ಗುರುಗಳ ಸಂಘಕ್ಕೆ ನಾಟಕಗಳನ್ನೂ ಬರೆದರು. ಕೊನೆಯ ವರ್ಷದಲ್ಲಿ ಭಾರತ ಸರ್ಕಾರವು ಪದ್ಮಭೂಷಣವನ್ನಿತ್ತು ಗೌರವಿಸಿತು. ಆಶ್ರಮದ ಪಾಠವೂ ದಾಸೋಹವೂ ಅವರ ತರುವಾಯವೂ ನಿಂತಿಲ್ಲ.