ಪುಷ್ಯದ ಅಮಾವಾಸ್ಯೆ ಮತ್ತು ದಾಸವರೇಣ್ಯರ ತ್ಯಾಗ

ಮಕರ ಸಂಕ್ರಮಣದ ಎಳ್ಳು-ಬೆಲ್ಲದ ಸವಿ ಇನ್ನೂ ನಾಲಗೆಯ ಮೇಲಿರುವಾಗಲೇ ಪುಷ್ಯ ಬಹುಳ ಅಮಾವಾಸ್ಯೆ ಬರುತ್ತದೆ. ಸುಗ್ಗಿಯ ಧಾನ್ಯವು ಕಣದಿಂದ ಮನೆ ಸೇರಿ, ಗೃಹಸ್ಥನ ಕಣಜ ತುಂಬುವ ಕಾಲವಿದು. ಇಂತಹ ಸಮೃದ್ಧಿಯ ದಿನಗಳಲ್ಲಿಯೇ, ತುಂಬಿದ ಭಂಡಾರವನ್ನು ಒಂದೇ ದಿನದಲ್ಲಿ ಬರಿದುಮಾಡಿ ಹೊರಟ ಶ್ರೀ ಪುರಂದರದಾಸರ ಆರಾಧನೆಯು ಒದಗುವುದು ಶ್ರೀಹರಿಯ ಸಂಕಲ್ಪವೇ ಸರಿ. ಆಸ್ತಿಕರಾದ ನಾವು ಈ ದಿನ ಅವರ ಚರಿತ್ರೆಯನ್ನು ಸ್ಮರಿಸುವುದು ಕರ್ತವ್ಯವಾಗಿದೆ.

ಪರಂಪರೆಯ ಪ್ರಕಾರ ದಾಸರ ಜನನ 1484ರಲ್ಲಿ. ತಂದೆ ವರದಪ್ಪ ನಾಯಕರು. ಜನ್ಮಸ್ಥಳವು ಪುಣೆಯ ಸಮೀಪದ ಪುರಂದರಗಡವೆಂದು ಬಹುಕಾಲದ ನಂಬಿಕೆ. ತೀರ್ಥಹಳ್ಳಿಯ ಆರಗದ ಸೀಮೆಯೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಶ್ರೀನಿವಾಸ ನಾಯಕನೆಂಬ ಹೆಸರಿನ ಇವರು ಚಿನಿವಾರ ವೃತ್ತಿಯಿಂದಲೂ ರತ್ನಗಳ ವ್ಯಾಪಾರದಿಂದಲೂ ಅಪಾರ ಐಶ್ವರ್ಯವನ್ನು ಗಳಿಸಿ, ನವಕೋಟಿ ನಾರಾಯಣನೆಂದು ಖ್ಯಾತರಾದರು. ಆದರೆ ಐಶ್ವರ್ಯ ಬೆಳೆದಷ್ಟೂ ಕೈ ಬಿಗಿಯಾಯಿತು.

ಮಗನ ಉಪನಯನಕ್ಕಾಗಿ ಯಾಚಿಸಿ ಬಂದ ವೃದ್ಧ ಬ್ರಾಹ್ಮಣನ ವೃತ್ತಾಂತವು ನಮ್ಮ ಮನೆಮನೆಗಳಲ್ಲಿ ಪ್ರಸಿದ್ಧವಾಗಿದೆ. ನಾಯಕರು ಅವನಿಗೆ ಇಲ್ಲವೆನ್ನಲಿಲ್ಲ, ನಾಳೆ ಬಾರೆಂದರು. ಹೀಗೆ ಎಷ್ಟೋ ತಿಂಗಳುಗಳು ಕಳೆದವು. ಕೊನೆಗೆ ಸವೆದ ನಾಣ್ಯಗಳ ರಾಶಿಯನ್ನು ಮುಂದೆ ಸುರಿದು, ಒಂದನ್ನು ಆರಿಸಿಕೊಂಡು ಹೋಗುವಂತೆ ಹೇಳಿದರು. ನಿರಾಶನಾದ ಬ್ರಾಹ್ಮಣನು ನಾಯಕರ ಮನೆಗೆ ಹೋಗಲು, ಸಾಧ್ವಿ ಸರಸ್ವತೀಬಾಯಿಯು ತವರಿನಿಂದ ಬಂದ ತನ್ನ ಮೂಗುತಿಯನ್ನೇ ತೆಗೆದುಕೊಟ್ಟಳು. ಅದನ್ನು ಅವನು ಮಾರಲು ತಂದದ್ದು ನಾಯಕರ ಅಂಗಡಿಗೇ. ಮೂಗುತಿಯ ಗುರುತು ಹತ್ತಿದ ನಾಯಕರು ಅದನ್ನು ಪೆಟ್ಟಿಗೆಯಲ್ಲಿ ಭದ್ರಪಡಿಸಿ, ಮನೆಗೆ ಬಂದು ಪತ್ನಿಯನ್ನು ಮೂಗುತಿ ತೋರಿಸುವಂತೆ ಗದರಿದರು. ದಿಕ್ಕುಗಾಣದ ಆಕೆ ಪ್ರಾಣತ್ಯಾಗಕ್ಕೆ ಸಿದ್ಧಳಾಗಿ ವಿಷದ ಬಟ್ಟಲನ್ನು ಎತ್ತಿದಾಗ, ಅದರೊಳಗೆ ಅದೇ ಮೂಗುತಿಯು ಬಿದ್ದಿತು. ಇತ್ತ ಅಂಗಡಿಯ ಪೆಟ್ಟಿಗೆ ಬರಿದಾಗಿತ್ತು; ಬ್ರಾಹ್ಮಣನ ಸುಳಿವೂ ಇರಲಿಲ್ಲ. ಬಂದವನು ಪಾಂಡುರಂಗನೇ ಎಂದರಿತ ನಾಯಕರ ಕಣ್ಣು ತೆರೆಯಿತು. ಸಮಸ್ತ ಸಂಪತ್ತನ್ನೂ ಶ್ರೀಕೃಷ್ಣಾರ್ಪಣವೆಂದು ದಾನಮಾಡಿ, ಮಡದಿ ಮಕ್ಕಳೊಡನೆ ಉಟ್ಟ ಬಟ್ಟೆಯಲ್ಲಿ ಹೊರಟರು.

ಆದರೆ ತ್ಯಾಗವೆಂಬುದು ಒಂದೇ ದಿನದಲ್ಲಿ ಪೂರ್ಣವಾಗುವಂಥದಲ್ಲ. ಕಾಡುದಾರಿಯಲ್ಲಿ ಸರಸ್ವತೀಬಾಯಿಗೆ ಕಳ್ಳರ ಭಯವಾಯಿತೆಂದೂ, ವಿಚಾರಿಸಲಾಗಿ ಮಕ್ಕಳು ನೀರು ಕುಡಿಯಲೆಂದು ಒಂದು ಚಿನ್ನದ ಬಟ್ಟಲನ್ನು ಇಟ್ಟುಕೊಂಡಿದ್ದು ತಿಳಿಯಿತೆಂದೂ ಹೇಳುತ್ತಾರೆ. ಮೂಗುತಿಯನ್ನು ಹಿಂದುಮುಂದು ನೋಡದೆ ಕೊಟ್ಟ ಕೈಯೇ ಮಕ್ಕಳ ಮೇಲಿನ ಮಮತೆಯಿಂದ ಬಟ್ಟಲನ್ನು ಹಿಡಿದಿತ್ತು. ನಾಯಕರು ಅದನ್ನು ಎಸೆದರು. ಬಟ್ಟಲಿನೊಂದಿಗೆ ಭಯವೂ ಹೋಯಿತು.

ವಿಜಯನಗರದಲ್ಲಿ ಶ್ರೀವ್ಯಾಸರಾಜರು ಇವರಿಗೆ ದಾಸದೀಕ್ಷೆಯನ್ನಿತ್ತು, ಪುರಂದರವಿಠಲ ಎಂಬ ಅಂಕಿತವನ್ನು ಅನುಗ್ರಹಿಸಿದರು. ಕೈಯಲ್ಲಿ ತಂಬೂರಿ, ಕಾಲಲ್ಲಿ ಗೆಜ್ಜೆ ಧರಿಸಿ, ಹರಿನಾಮ ಹಾಡುತ್ತ ಮನೆಮನೆಯಲ್ಲಿ ಯಾಯಿವಾರ ಮಾಡಿ, ಅಂದಿನ ಅಕ್ಕಿಯನ್ನು ಅಂದೇ ಸಲ್ಲಿಸಿ, ನಾಳೆಗೆಂದು ಏನನ್ನೂ ಇರಿಸದೆ ದಾಸರು ಬಾಳಿದರು. ಯಾಚಕನಿಗೆ ನಾಳೆ ಬಾ ಎಂದಿದ್ದವರ ಮನೆಯಲ್ಲಿ ನಾಳೆ ಎಂಬ ಮಾತೇ ಇಲ್ಲವಾಯಿತು. ಅವರ ವೈರಾಗ್ಯವನ್ನು ಪರೀಕ್ಷಿಸಲು ಶ್ರೀಕೃಷ್ಣದೇವರಾಯನು ಯಾಯಿವಾರದ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿ ಕೊಡಿಸಿದನೆಂದು ಐತಿಹ್ಯವಿದೆ. ಸರಸ್ವತೀಬಾಯಿಯು ಅಕ್ಕಿಯನ್ನು ಹಸನುಮಾಡುವಾಗ ಅವನ್ನು ಕಲ್ಲುಗಳೊಡನೆ ಆರಿಸಿ ಚೆಲ್ಲಿದಳಂತೆ. ಮೂಗುತಿ, ಬಟ್ಟಲು, ಈ ರತ್ನಗಳು: ಒಬ್ಬ ಗೃಹಿಣಿಯ ಕೈ ಹಂತಹಂತವಾಗಿ ಹಗುರವಾದ ಬಗೆ ಇದು.

ಹೀಗೆ ಬರಿಗೈಯಾದವರು ಕೊಟ್ಟದ್ದೆಷ್ಟು! ರಚಿಸಿದ ಪದಗಳು 4,75,000 ಎಂದು ಪರಂಪರೆಯ ಲೆಕ್ಕ. ಉಳಿದುಬಂದಿರುವುದು ಅದರ ಅತ್ಯಲ್ಪ ಭಾಗ. ಶಾಸ್ತ್ರದ ತಿರುಳನ್ನು ತಿಳಿಗನ್ನಡದಲ್ಲಿ ಹರಿಸಿ, ಸಂಸ್ಕೃತವನ್ನರಿಯದ ಸ್ತ್ರೀಬಾಲರಿಗೂ ತತ್ತ್ವವನ್ನು ಎಟುಕಿಸಿದರು. ಮಾಯಾಮಾಳವಗೌಳದ ಸರಳೆ, ಜಂಟಿವರಸೆ, ಅಲಂಕಾರ, ಪಿಳ್ಳಾರಿ ಗೀತೆಗಳ ಅಭ್ಯಾಸಕ್ರಮಕ್ಕೆ ಅವರೇ ಮೂಲವೆಂದು ಕರ್ನಾಟಕ ಸಂಗೀತ ಪಿತಾಮಹರೆಂದು ಪೂಜಿಸಲ್ಪಡುತ್ತಾರೆ. ಅವರು ಗಳಿಸಿದ್ದ ಹಣದ ಒಂದು ಕಾಸೂ ಇಂದು ಉಳಿದಿಲ್ಲ. ಕೊಟ್ಟದ್ದು ಮಾತ್ರ ಪ್ರತಿದಿನ ಮಕ್ಕಳ ಕಂಠದಲ್ಲಿದೆ.

1564ರ ಈ ಅಮಾವಾಸ್ಯೆಯಂದು ದಾಸರು ಹರಿಪಾದವನ್ನು ಸೇರಿದರೆಂದು ಪ್ರತೀತಿ. ನಾನೂರು ವರ್ಷ ತುಂಬಿದ 1964ರಲ್ಲಿ ಭಾರತದ ಅಂಚೆ ಇಲಾಖೆಯು ಅವರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ಹಂಪೆಯ ವಿಜಯವಿಠಲ ದೇವಾಲಯದ ಸಮೀಪ, ತುಂಗಭದ್ರೆಯ ದಡದಲ್ಲಿರುವ ಪುರಂದರ ಮಂಟಪವು ಇಂದಿಗೂ ಭಕ್ತರ ಯಾತ್ರಾಸ್ಥಳವಾಗಿದೆ.

ಸರ್ವವೂ ಸ್ವತಂತ್ರನಾದ ಶ್ರೀಹರಿಯ ಅಧೀನವೆಂಬುದು ನಮ್ಮ ಸಿದ್ಧಾಂತ. ಹಾಗಿರುವಾಗ ಕೊಡುವವನಿಗೆ ತಾನು ಕೊಟ್ಟೆನೆಂಬ ಅಹಂಕಾರಕ್ಕೆ ಎಡೆಯೆಲ್ಲಿ? ಅವನ ದ್ರವ್ಯವನ್ನು ಅವನ ಪ್ರೀತಿಗಾಗಿ ವಿನಿಯೋಗಿಸುವುದಷ್ಟೇ ನಮ್ಮ ಪಾಲಿನ ಸೇವೆ. ನಾವೆಲ್ಲರೂ ನಾಯಕರಂತೆ ಒಂದೇ ದಿನ ಮನೆ ಬಿಟ್ಟು ಹೊರಡಲಾರೆವು. ಆದರೆ ಮಗನ ಓದಿಗೋ ಮಗಳ ಮದುವೆಗೋ ನೆರವು ಕೇಳಿ ಬಾಗಿಲಿಗೆ ಬಂದವರಿಗೆ ನಾಳೆ ಬಾರೆಂದು ಹೇಳದಿರಬಲ್ಲೆವು. ಕಣಜ ಇನ್ನಷ್ಟು ತುಂಬಲೆಂದು ಕಾಯುತ್ತ ಕುಳಿತರೆ ಕೊಡುವ ಹೊತ್ತು ಮೀರುತ್ತದೆ. ಆರಾಧನೆಯ ದಿನ ದಾಸರ ಪದವೊಂದನ್ನು ಹಾಡುವುದರೊಂದಿಗೆ, ಬಹುದಿನಗಳಿಂದ ಮುಂದಕ್ಕೆ ಹಾಕಿದ ಒಂದು ದಾನವನ್ನಾದರೂ ಪೂರೈಸಿದರೆ ದಾಸರಾಯರು ಪ್ರಸನ್ನರಾಗುವುದರಲ್ಲಿ ಸಂದೇಹವಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.